ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ

ಒಂದು ಶನಿವಾರ ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂ ಕಾಲರವರೆಗೆ ನಾನು ಹೊಸ ಪ್ರಭೇದವೊಂದನ್ನು ಕಂಡುಹಿಡಿದ ವಿಜ್ಞಾನಿಯಾಗಿದ್ದೆ. ಹನ್ನೊಂದೂ ಕಾಲರ ಮೇಲೆ ಮತ್ತೆ ನಿವೃತ್ತ ಉಪನ್ಯಾಸಕನಾದೆ. ಆ ಮೂರು ಮುಕ್ಕಾಲು ಗಂಟೆಯ ಪದವಿಯನ್ನು ಹೆಸರಿನ ಮುಂದೆ ಹಾಕಿಕೊಳ್ಳಬಹುದೇ ಎಂದು ಕೇಳಿದ್ದಕ್ಕೆ ನನ್ನಾಕೆ, "ಮೊದಲು ಆ ಉಪ್ಪಿನಕಾಯಿ ಬಾಟಲಿ ತೊಳೆದಿಡಿ" ಎಂದಳು.

ಮಗಳ ಬಾಣಂತನಕ್ಕೆಂದು ಟಿಕೆಟ್ ಬಂದದ್ದು ಅವಳಿಗೆ. ಲಗೇಜಿನ ಜೊತೆಗೆ ನಾನೂ ಹೋದೆ. 2025ರ ಜನವರಿಯ ಕೊನೆ. ಊರು ಆಸ್ಟ್ರೇಲಿಯಾದ ನ್ಯೂಕ್ಯಾಸಲ್. ಬಾಣಂತಿ ಮನೆಯಲ್ಲಿ ನಿವೃತ್ತ ಗಂಡಸಿನಷ್ಟು ದಂಡದ ವಸ್ತು ಇನ್ನೊಂದಿಲ್ಲ. ಕೂತರೆ ಕಾಲಿಗೆ ಅಡ್ಡ, ನಿಂತರೆ ಬೆಳಕಿಗೆ ಅಡ್ಡ. ಅಳಿಯನನ್ನು ಏನು ಕೇಳಿದರೂ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಗೂಗಲ್ ಮಾಡಿ ಮಾವ" ಅನ್ನುತ್ತಾನೆ. ಉಪ್ಪು ಎಲ್ಲಿದೆಯಪ್ಪಾ ಅಂದರೂ ಅದೇ.

ಹಾಗೆ ಗೂಗಲ್ ಮಾಡಿಯೇ ನನಗೆ ಗೊತ್ತಾದದ್ದು, ಅದೇ ತಿಂಗಳು ಆ ಊರಿಗೊಂದು ಕೀರ್ತಿ ಬಂದಿದೆ ಎಂದು. ಸಿಡ್ನಿಯ ಆಲಿಕೆ ಬಲೆ ಜೇಡ ಅಂತ ಜಗತ್ತೆಲ್ಲ ಹೆದರುತ್ತಿದ್ದದ್ದು ಒಂದು ಜೇಡಕ್ಕಲ್ಲ, ಮೂರು ಜೇಡಗಳಿಗೆ! ಮೊದಲನೆಯದು ಏಟ್ರಾಕ್ಸ್ ರೊಬಸ್ಟಸ್. ಅದಕ್ಕೆ 1877ರಲ್ಲಿ ನಾಮಕರಣ ಮಾಡಿದವರು ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಡ್ಜ್, ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ. ಎರಡನೆಯದು ಏಟ್ರಾಕ್ಸ್ ಮೊಂಟಾನಸ್, ಒಮ್ಮೆ ಹೆಸರು ಕಳೆದುಕೊಂಡು ಈಗ ಮರಳಿ ಪಡೆದದ್ದು. ಮೂರನೆಯದು ಹೊಚ್ಚ ಹೊಸತು, ಏಟ್ರಾಕ್ಸ್ ಕ್ರಿಸ್ಟೆನ್ಸೆನಿ. ಸ್ಥಳೀಯರು ಅಕ್ಕರೆಯಿಂದ 'ಬಿಗ್ ಬಾಯ್' ಅನ್ನುತ್ತಾರೆ. ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿನಲ್ಲಿ ಜೇಡಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಕೇನ್ ಕ್ರಿಸ್ಟೆನ್ಸೆನ್, ಇಷ್ಟು ದೊಡ್ಡ ಗಂಡುಗಳು ಬೇರೆ ಜಾತಿಯವೇ ಇರಬೇಕೆಂದು ಗುಮಾನಿಪಟ್ಟವರು. ವಿಜ್ಞಾನಿ ಸ್ಟೆಫನಿ ಲೋರಿಯಾ ಮತ್ತು ಜೊತೆಗಾರರು ಡಿಎನ್‌ಎಯನ್ನೂ ಅಂಗರಚನೆಯನ್ನೂ ತಾಳೆ ನೋಡಿ, ಹೌದೆಂದು ಹೇಳಿ, ಅವರ ಹೆಸರನ್ನೇ ಇಟ್ಟರು. ಈ ಜೇಡದ ತವರು ನ್ಯೂಕ್ಯಾಸಲ್‌ನ ಸುತ್ತಮುತ್ತ ಮಾತ್ರ. ಅಂದರೆ ಮಗಳ ಮನೆಯ ಹಿತ್ತಿಲು.

ಇದನ್ನು ಕೇಳಿ ನನ್ನಾಕೆ ಮಗುವಿನ ತೊಟ್ಟಿಲನ್ನು ಎರಡಡಿ ಮೇಲಕ್ಕೆ ಕಟ್ಟಿಸಿದಳು. 1981ರಲ್ಲಿ ಸ್ಟ್ರುವಾನ್ ಸದರ್ಲೆಂಡ್ ತಂಡದವರು ಇದಕ್ಕೆ ಪ್ರತಿವಿಷ ಕಂಡುಹಿಡಿದ ಮೇಲೆ ಒಬ್ಬರೂ ಸತ್ತಿಲ್ಲ ಎಂದು ಸಮಾಧಾನ ಹೇಳಿದೆ. ಜೊತೆಗೆ, ಇದರ ವಿಷ ನಾಯಿ ಬೆಕ್ಕುಗಳಿಗೆ ಅಷ್ಟಾಗಿ ತಾಗುವುದಿಲ್ಲ, ಕೋತಿಗಳಿಗೆ ಮತ್ತು ಮನುಷ್ಯರಿಗೆ ಜೋರಾಗಿ ತಾಗುತ್ತದೆ ಎಂಬ ಸ್ವಾರಸ್ಯವನ್ನೂ ಸೇರಿಸಿದೆ. ಸೇರಿಸಬಾರದಿತ್ತು. "ಹಾಗಾದರೆ ನೀವೂ ಹುಷಾರಾಗಿರಿ" ಎಂದಳು. ಯಾವ ಪಟ್ಟಿಗೆ ಸೇರಿಸಿ ಹೇಳಿದಳೋ ನಾನು ಕೇಳಲಿಲ್ಲ.

ಪ್ರತಿವಿಷ ತಯಾರಿಸಲು ಗಂಡು ಜೇಡಗಳ ವಿಷ ಬೇಕು. ಆದ್ದರಿಂದ ಸಿಕ್ಕಿದ ಜೇಡವನ್ನು ಸಾಯಿಸದೆ ಬಾಟಲಿಯಲ್ಲಿ ಹಿಡಿದು ತಂದುಕೊಡಿ ಎಂದು ಆ ಪಾರ್ಕಿನವರು ಜನರಿಗೆ ಕರೆ ಕೊಟ್ಟಿದ್ದಾರೆ. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಮಳೆ ಸುರಿದ ರಾತ್ರಿಯ ಮರುದಿನ, ಬಟ್ಟೆ ಒಗೆಯುವ ಕೋಣೆಯಲ್ಲಿ ಅದು ಕಂಡಿತು. ಉದ್ದನೆಯ ಸೌಟು, ಅಪ್ಪೆಮಿಡಿಯ ಖಾಲಿ ಬಾಟಲಿ, ಒಂದು ಮದುವೆ ಪತ್ರಿಕೆ. ಹಿಡಿದದ್ದು ಹೇಗೆಂದು ಕೇಳಬೇಡಿ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಕಣ್ಣು ಬಿಟ್ಟಾಗ ಮಾತ್ರ ಮೂವತ್ತು ವರ್ಷದ ಮೇಷ್ಟ್ರು ಎದ್ದು ಕೂತ. ಬಾಟಲಿಯನ್ನು ಊಟದ ಮೇಜಿನ ಮೇಲಿಟ್ಟೆ, ಮುಚ್ಚಳಕ್ಕೆ ತೂತು ಮಾಡಿದೆ, ಭೂತಗನ್ನಡಿ ತಂದೆ, ಬಿಳಿ ಹಾಳೆಯ ಮೇಲೆ 'ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂದು ತಲೆಬರಹ ಬರೆದೆ.

ಲಕ್ಷಣ ಒಂದು: ಆಲಿಕೆ ಬಲೆ ಜೇಡದ ಮುಂಭಾಗದ ಚಿಪ್ಪು ನುಣ್ಣಗೆ ಮಿರಮಿರ ಮಿಂಚಬೇಕು. ಮಿಂಚುತ್ತಿತ್ತು. (ಬಾಟಲಿಯ ಒಳಗೋಡೆಗೆ ಉಪ್ಪಿನಕಾಯಿಯ ಎಣ್ಣೆ ಇನ್ನೂ ಅಂಟಿದ್ದು ಆಗ ಹೊಳೆಯಲಿಲ್ಲ. ಆ ಗಾಜಿನ ಹಿಂದೆ ನನ್ನ ಬೋಳುತಲೆಯೂ ಏಟ್ರಾಕ್ಸ್‌ನ ಹಾಗೆಯೇ ಕಾಣುತ್ತಿತ್ತು.) ಲಕ್ಷಣ ಎರಡು: ಸಾಮಾನ್ಯ ಜೇಡಗಳ ವಿಷದ ಕೋರೆಗಳು ಇಕ್ಕಳದಂತೆ ಅಡ್ಡಡ್ಡ ಕೂಡುತ್ತವೆ, ಇದರವು ಜೋಡಿ ಗುದ್ದಲಿಯಂತೆ ಮೇಲಿಂದ ಕೆಳಕ್ಕೆ ಇಳಿಯಬೇಕು. ಇಳಿಯುತ್ತಿದ್ದವು, ನನ್ನ ಬೆರಳಿದ್ದ ಕಡೆಗೇ. ಲಕ್ಷಣ ಮೂರು, ಗಾತ್ರ: ಅದುವರೆಗೆ ಪಾರ್ಕಿಗೆ ಬಂದ ಅತಿ ದೊಡ್ಡ ಗಂಡು, ಕಾಲಿನಿಂದ ಕಾಲಿಗೆ, 9.2 ಸೆಂ.ಮೀ. ನನ್ನದು 9.6! ಜೇಡವನ್ನು ಭೂತಗನ್ನಡಿಯ ಒಳಗಿಂದಲೂ ಸ್ಕೇಲನ್ನು ಅದರ ಹೊರಗಿಂದಲೂ ನೋಡಿದ್ದೆ ಎಂಬುದು ಸಣ್ಣ ವಿಷಯ.

ಲಕ್ಷಣ ನಾಲ್ಕು ನಿರ್ಣಾಯಕ. ಗಂಡು ಏಟ್ರಾಕ್ಸ್‌ಗೆ ಎರಡನೇ ಜೋಡಿ ಕಾಲಿನ ನಡುಭಾಗದಲ್ಲಿ ಒಂದು ದಪ್ಪ ಮುಳ್ಳು ಇರಬೇಕು. ಎರಡನೆಯದು ಯಾವುದೆಂದು ತಿಳಿಯಲು ಮೊದಲನೆಯದು ಯಾವುದೆಂದು ಗೊತ್ತಿರಬೇಕು. ಎಣಿಸಿದೆ. ಬಲಗಡೆ ನಾಲ್ಕು. ಎಡಗಡೆ ಐದು. ಮತ್ತೆ ಎಣಿಸಿದೆ. ಅಷ್ಟರಲ್ಲಿ ಅದು ತಿರುಗಿ ಕೂತಿತು. ಎಡಗಡೆ ನಾಲ್ಕು, ಬಲಗಡೆ ಐದು. ಬಾಟಲಿ ಎತ್ತಿ ಕೆಳಗಿನಿಂದ ನೋಡಿದೆ. ಎಡಬಲ ಇನ್ನೊಮ್ಮೆ ಅದಲುಬದಲು. ಒಟ್ಟು ಒಂಬತ್ತು! ಜೇಡಕ್ಕೆ ಕಾಲು ಎಂಟು, ಇದರಲ್ಲಿ ಪ್ರಶ್ನೆಯೇ ಇಲ್ಲ. ಹಾಗಾದರೆ ಒಂಬತ್ತನೆಯದು ಬಾಯಿಯ ಪಕ್ಕದ ಪೆಡಿಪಾಲ್ಪ್. ಅದು ಜೋಡಿಯಾಗಿರಬೇಕಾದದ್ದು, ಇಲ್ಲಿ ಒಂದೇ ಇದೆ. ಇನ್ನೊಂದು ಎಲ್ಲೋ ಬಿದ್ದುಹೋಗಿದೆ. ಲೆಕ್ಕ ಸರಿಹೋಯಿತು. ಈಗ ಮುಳ್ಳು ಹುಡುಕಿದೆ. ಬಲಗಡೆ ಎರಡನೇ ಕಾಲಿಗೇ ಇತ್ತು! ಎದ್ದು ಎರಡು ಹೆಜ್ಜೆ ಕುಣಿದೆ. ಎಡಗಡೆ ನೋಡಿದರೆ ಮುಳ್ಳು ಮೊದಲನೇ ಕಾಲಿಗೆ. ಕೂತೆ. ಬಲಕ್ಕೊಂದು ನ್ಯಾಯ, ಎಡಕ್ಕೊಂದು ನ್ಯಾಯ! ಇಂಥ ಜೇಡ ಯಾವ ಗ್ರಂಥದಲ್ಲೂ ಇಲ್ಲ. ಇದು ಮೂರನೆಯದೂ ಅಲ್ಲ, ನಾಲ್ಕನೆಯದು. ಕೈ ನಡುಗುತ್ತ ಹೆಸರು ಬರೆದೆ: ಏಟ್ರಾಕ್ಸ್ ವಿಶಾಲಾಕ್ಷಿ.

"ಅಷ್ಟು ವರ್ಷಕ್ಕೆ ಹೆಂಡತಿ ಹೆಸರು ಇಡೋಕೆ ವಿಷದ ಹುಳಾನೇ ಸಿಕ್ತಾ?" ಎಂದಳು ವಿಶಾಲಾಕ್ಷಿ. "ಅಪ್ಪಾ, ಮೆಲ್ಲಗೆ, ಮಗು ಮಲಗಿದೆ" ಎಂದಳು ಮಗಳು. ಅಳಿಯ ಮೊದಲ ಬಾರಿಗೆ ಎದ್ದು ಬಂದು, ಗುರುತು ಹಿಡಿಯುವ ಆ್ಯಪ್ ಇದೆ ಮಾವ ಎಂದು ಫೋನನ್ನು ಬಾಟಲಿಯ ಮುಂದೆ ಹಿಡಿದ. ಅದು ಬಾಟಲಿಯ ಚೀಟಿ ನೋಡಿ 'ಉಪ್ಪಿನಕಾಯಿ' ಎಂದಿತು.

ಜೇಡ ಒಪ್ಪಿಸುವ ಜಾಗಕ್ಕೆ ಅಳಿಯನ ಕಾರಿನಲ್ಲಿ ಹೋದೆವು. ಅಲ್ಲಿದ್ದ ಹುಡುಗಿಗೆ ನನ್ನ ಮಗಳಿಗಿಂತ ಕಡಿಮೆ ವಯಸ್ಸು. ಬಾಟಲಿಯನ್ನು ಒಮ್ಮೆ ಬೆಳಕಿಗೆ ಹಿಡಿದಳು. ಐದು ಸೆಕೆಂಡು. "ಕಂದು ಟ್ರ್ಯಾಪ್‌ಡೋರ್ ಜೇಡ, ಗಂಡು. ಹಿತ್ತಿಲಲ್ಲೇ ಬಿಟ್ಟುಬಿಡಿ. ಪಾಪ, ಒಂದು ಕಾಲು ಹೋಗಿದೆ." ನಾನು ಮೊದಲ ಕಾಲೆಂದು ಎಣಿಸಿದ್ದು ಕಾಲಲ್ಲ, ಬಾಕ್ಸಿಂಗ್ ಗ್ಲೌಸ್ ತೊಟ್ಟಂತಿರುವ ಪೆಡಿಪಾಲ್ಪ್, ಎರಡೂ ಇವೆ. ಮುಳ್ಳು ಎರಡೂ ಕಡೆ ಮೊದಲ ಕಾಲಿಗೇ ಇದೆ, ಟ್ರ್ಯಾಪ್‌ಡೋರ್‌ಗೆ ಇರಬೇಕಾದದ್ದೇ ಹಾಗೆ. ಹಿಂದೆ ನೂಲು ಬಿಡುವ ಅಂಗಗಳು ಆಲಿಕೆ ಬಲೆ ಜೇಡಕ್ಕೆ ಬೆರಳಿನಂತೆ ಉದ್ದ ಚಾಚಿರುತ್ತವೆ, ಇದಕ್ಕೆ ಮೋಟು. ಹಿಂಭಾಗವನ್ನು ನಾನು ನೋಡಿರಲೇ ಇಲ್ಲ. ಎಂಟು ಕಾಲು ಇರಲೇಬೇಕೆಂಬ ಹಟಕ್ಕೆ ಅದರ ಕೈಯನ್ನೇ ಕಾಲು ಮಾಡಿದ್ದೆ.

ವಾಪಸು ಬರುವಾಗ ಅಳಿಯ ನಗು ತಡೆದುಕೊಳ್ಳುತ್ತಿದ್ದ. ನನಗೆ ನಗು ಬರಲಿಲ್ಲ. ಹಳೆಯದೊಂದು ರೆಕಾರ್ಡ್ ಪುಸ್ತಕ ನೆನಪಾಯಿತು. ಹಾಸ್ಟೆಲಿನ ಹುಡುಗ, ಜಿರಳೆಯ ಚಿತ್ರ. ಬೇರೆಯವರೆಲ್ಲ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬರೆದಿದ್ದರು. ಅಂದವಾಗಿತ್ತು, ಆರು ಕಾಲೂ ಇದ್ದವು. ಇವನು ಹಾಸ್ಟೆಲಿನ ಅಡುಗೆಮನೆಯಲ್ಲಿ ಹಿಡಿದ ಜಿರಳೆಯನ್ನು ಎದುರಿಗಿಟ್ಟುಕೊಂಡು ಬರೆದಿದ್ದ. ಐದು ಕಾಲು. ಕೆಂಪು ಇಂಕಿನಲ್ಲಿ 'ಒಂದು ಕಾಲು ಮರೆತಿದೆ' ಎಂದು ಬರೆದು ಎರಡು ಅಂಕ ಕಳೆದೆ. "ಸಾರ್, ಅದಕ್ಕೆ ಐದೇ ಇತ್ತು" ಎಂದ. "ಪುಸ್ತಕದಲ್ಲಿ ಎಷ್ಟಿದೆ?" ಎಂದೆ. ಕ್ಲಾಸೆಲ್ಲ ನಕ್ಕಿತು. ಆ ಮೇಲೆ ಅವನೂ ನೋಡಿ ಬರೆಯಲು ಕಲಿತ, ಪಕ್ಕದವನ ರೆಕಾರ್ಡನ್ನು. ಮೂವತ್ತು ವರ್ಷದಲ್ಲಿ ಜಿರಳೆಯನ್ನು ನೋಡಿ ಜಿರಳೆ ಬರೆದವನು ಅವನೊಬ್ಬನೇ. ಅವನ ಹೆಸರು ನನಗೆ ನೆನಪಿಲ್ಲ. ಹೆಸರಿಡಲು ಹೊರಟವನು ನಾನು!

ಮನೆಗೆ ಬಂದವನು ಬಾಟಲಿಯನ್ನು ಒಂದು ಗಂಟೆ ಮುಂದಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆ ಬರೆದೆ. ಮಾಸಲು ಚಿಪ್ಪು, ಗ್ಲೌಸ್ ತೊಟ್ಟ ಪೆಡಿಪಾಲ್ಪ್ ಎರಡು, ಮೊದಲ ಜೋಡಿ ಕಾಲಿಗೆ ಮುಳ್ಳು, ಮೋಟು ನೂಲಂಗ. ಆಮೇಲೆ ಹಿತ್ತಿಲಿನ ಬೇಲಿ ಪಕ್ಕ ಬಾಟಲಿಯನ್ನು ಮಲಗಿಸಿದೆ. ಜೇಡ ಕುಂಟುತ್ತ, ತಿರುಗಿಯೂ ನೋಡದೆ ಹೋಯಿತು.

ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮಗುವಿನ ಹಾಲಿಗೆಂದು ಬಂದ ನನ್ನಾಕೆ ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಎಣಿಸಿ ಹೇಳಿದಳು:

"ರೀ, ಒಂದು ಕಾಲು ಮರೆತಿದ್ದೀರಿ."