ವಾರಾಹಿ ಕಾಲುವೆಯ ಮುಗಿಯದ ಲೂಪು: ಒಂದು ಮಹಾಪ್ರಬಂಧದ ತುಣುಕು

ಮಾದರಿ ರೂಪಾಂತರ ಶಾಸ್ತ್ರವೆಂದರೆ ಒಂದು ನಕ್ಷೆಗೆ ನಿಯಮ ಹಚ್ಚಿ ಇನ್ನೊಂದನ್ನು ಹೊರಡಿಸುವ ವಿದ್ಯೆ. ಇದರ ಸ್ಮೃತಿಕಾರರು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪಿನವರು. ಕ್ಯೂವಿಟಿ ಎಂಬ ಅವರ ಸಂಹಿತೆಯ ಮೊದಲ ಆವೃತ್ತಿ ಬಂದದ್ದು 2008ರಲ್ಲಿ. ನಮ್ಮ ಸರ್ಕಾರ ಅಷ್ಟು ಕಾಲ ಕಾಯಲಿಲ್ಲ. 1979ರಲ್ಲೇ 9.43 ಕೋಟಿ ರೂಪಾಯಿಯ ಅಂದಾಜಿನಲ್ಲಿ ವಾರಾಹಿ ನೀರಾವರಿ ಯೋಜನೆಯೆಂಬ ರೂಪಾಂತರಕ್ಕೆ ಮಂಜೂರಾತಿ ಕೊಟ್ಟಿತು. ಆಕರ ಮಾದರಿ: ಕಾಗದದ ಮೇಲಿನ ಕಾಲುವೆ. ಲಕ್ಷ್ಯ ಮಾದರಿ: 15,702 ಹೆಕ್ಟೇರ್ ಒದ್ದೆ ನೆಲ. ನಡುವೆ ಇರಬೇಕಾದ ವಾರಾಹಿ ಹೊಳೆ ಮಾತ್ರ ಯಾವ ನಕ್ಷೆಗೂ ಕಾಯದೆ, ಹಟ್ಟಿಯಂಗಡಿಯ ಮಗ್ಗುಲಲ್ಲೇ ಹಾದು ಗಂಗೊಳ್ಳಿಯಲ್ಲಿ ಕಡಲು ಸೇರುತ್ತಲೇ ಇದೆ.

ಈ ಶಾಸ್ತ್ರದಲ್ಲಿ ಒಂದು ಪಟ್ಟಿಯನ್ನು ಸುತ್ತಿ ಬರುವ ಸಮೂಹಸಂಚಾರಕ್ರಿಯೆಗಳು ಮೂರು ಬಗೆ: ನಿಷ್ಪರಿಣಾಮಿ, ಸಪರಿಣಾಮಿ, ಉಭಯಭ್ರಷ್ಟ. ಸೆಲೆಕ್ಟ್, ಕಲೆಕ್ಟ್ ಮೊದಲಾದ ಇಟರೇಟರುಗಳು ನಿಷ್ಪರಿಣಾಮಿಗಳು. ಇಡೀ ಸಮೂಹವನ್ನು ಸುತ್ತಿ ಬಂದು ಹೊಸ ಪಟ್ಟಿ ಕೊಡುತ್ತವೆ, ಮೂಲವನ್ನು ಮುಟ್ಟುವುದಿಲ್ಲ. ಸರ್ವೆಯೂ ಹೀಗೆಯೇ. ಬೈಲು, ಮಜಲು, ಬೆಟ್ಟು ಎಲ್ಲ ಗದ್ದೆಗಳ ಮೇಲೂ ಹಾದು ಪಟ್ಟಿ ತಯಾರಾಗುತ್ತದೆ. ಗದ್ದೆ ಒಣಗಿದ್ದ ಹಾಗೇ ಇರುತ್ತದೆ. ಶಾಸ್ತ್ರಕಾರರು ಇದನ್ನು ದೋಷವೆನ್ನದೆ ಗುಣವೆಂದಿದ್ದಾರೆ. ಮೂಲವನ್ನು ಬದಲಿಸಬಲ್ಲ ಸಪರಿಣಾಮಿಗಳಲ್ಲಿ ಫಾರ್‌ಈಚ್ ಸಾಧು ಪ್ರಾಣಿ: ಪಟ್ಟಿ ಮುಗಿದರೆ ತಾನೂ ಮುಗಿಯಿತು. ವೈಲ್ ಹಾಗಲ್ಲ. ಅದರ ಷರತ್ತು ಸುಳ್ಳಾಗುವ ತನಕ ಸುತ್ತು ನಿಲ್ಲದು. ಆ ಷರತ್ತನ್ನು ಸುಳ್ಳಾಗಿಸುವ ಕೆಲಸ ಲೂಪಿನ ಒಳಗೇ ನಡೆಯಬೇಕು. ವಾರಾಹಿಯ ಲೂಪನ್ನು ಬರೆದದ್ದು ಹೀಗೆ: ಗದ್ದೆಗೆ ನೀರು ಬಾರದಿರುವ ತನಕ ಅಂದಾಜುಪಟ್ಟಿ ಪರಿಷ್ಕರಿಸು. ಪ್ರತಿ ಸುತ್ತಿಗೂ ಬದಲಾದದ್ದು ಅಂದಾಜು, ನೀರಲ್ಲ. ಒಂಬತ್ತು ಚಿಲ್ಲರೆ ಕೋಟಿ ನೂರಾರು ಕೋಟಿಯಾದದ್ದು ಹಾಗೆ. ಮೂರನೆಯ ಬಗೆಯನ್ನು ಗಾಂಭೀರ್ಯಕ್ಕೆಂದು ಸೇರಿಸಿದ್ದು, ಬಿಟ್ಟುಬಿಡೋಣ.

ಯೋಜನೆ ಮಂಜೂರಾದ ಮರುವರ್ಷವೇ, 1980ರಲ್ಲಿ, ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಘಟ್ಟದ ಬುಡದಲ್ಲಿ ಅಗೆಯುವುದು ಸುಲಭವೇ ಎಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ಅಡ್ಡಿಯಾದ ಘಟಕವನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಶಾಸ್ತ್ರದಲ್ಲಿ ಕಂಟಿನ್ಯೂ ಎಂಬ ಉಪಾಯವಿದೆ, ಆದರೆ ಕಾಲುವೆಗೆ ಅದು ಒಗ್ಗದು. ಮೇಲಿನ ಮೈಲಿಯನ್ನು ಹಾರಿ ನೀರು ಕೆಳಗಿನ ಮೈಲಿಗೆ ಬಾರದು. ಕಾಡು ಉಳಿಯಬೇಕೆಂಬುದೂ ನ್ಯಾಯವೇ. ಹಾಗಿದ್ದರೆ ಲೂಪನ್ನು ನಿಲ್ಲಿಸಿ, ಇಲ್ಲಿಗೆ ನಿಂತಿತು, ಇಂಥ ಕಾರಣಕ್ಕೆ ನಿಂತಿತು, ನೀವು ಬೇರೆ ದಾರಿ ನೋಡಿಕೊಳ್ಳಿ ಎಂದು ರೈತನಿಗೆ ಹೇಳಬೇಕಿತ್ತು. ಅದನ್ನು ಹೇಳುವವರಿರಲಿಲ್ಲ. ಬರುತ್ತದೆ, ಬರುತ್ತದೆ ಎಂದೇ ಒಂದು ತಲೆಮಾರನ್ನು ಬದುವಿನ ಮೇಲೆ ಕೂರಿಸಿದರು.

ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಿದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಇಲ್ಲಿ ಎಕ್ಸಿಸ್ಟ್ಸ್ ಮತ್ತು ಫಾರ್‌ಆಲ್‌ಗಳ ಭೇದ ತಿಳಿದಿರಬೇಕು. ಒಂದು ಗದ್ದೆ ಒದ್ದೆಯಾದರೂ ಎಕ್ಸಿಸ್ಟ್ಸ್ ನಿಜ. ಉದ್ಘಾಟನೆಯ ಭಾಷಣಕ್ಕೆ ಅಷ್ಟು ಸಾಕು. ಕೊಳ್ಕೆ ಬೆಳೆಗೆ ಬೇಸಗೆಯ ನೀರು ಕೇಳುವವನದು ಪ್ರತಿ ಗದ್ದೆಯೂ ಒದ್ದೆಯಾಗಬೇಕೆನ್ನುವ ಫಾರ್‌ಆಲ್. ಅವನಿಗೆ ಉತ್ತರ ಸಿಗುವಷ್ಟರಲ್ಲಿ ಮಗ ಬೆಂಗಳೂರಿನ ಹೋಟೆಲು ಸೇರಿರುತ್ತಾನೆ, ಗದ್ದೆ ಹಡಿಲು ಬಿದ್ದಿರುತ್ತದೆ, ಆಮೇಲೆ ಮಣ್ಣು ತುಂಬಿ ಸೈಟಾಗುತ್ತದೆ. ಆದರೂ ಶಾಸ್ತ್ರ ಕೈಬಿಡುವುದಿಲ್ಲ. ಬರಿದಾದ ಸಮೂಹದ ಮೇಲೆ ಫಾರ್‌ಆಲ್ ಕೇಳಿದರೆ ಉತ್ತರ ಯಾವಾಗಲೂ ನಿಜವೇ. ಕೊನೆಯ ಗದ್ದೆಯೂ ಪಟ್ಟಿಯಿಂದ ಹೋದ ದಿನ ಎಲ್ಲ ಗದ್ದೆಗಳಿಗೂ ನೀರು ತಲುಪಿರುತ್ತದೆ, ಪೂರ್ಣತಾ ಪ್ರಮಾಣಪತ್ರಕ್ಕೆ ಸಹಿ ಹಾಕಲು ಯಾರ ಅಡ್ಡಿಯೂ ಇರುವುದಿಲ್ಲ, ಅರಣ್ಯ ಇಲಾಖೆಯದೂ.