ಕಾಯಿಕೊರಕ ಹುಳುವಿನವರಿಗೆ ಸನ್ಮಾನ ಸಮಿತಿಯ ಬಹಿರಂಗ ಪತ್ರ

ಮಾನ್ಯ ಕಾಯಿಕೊರಕ ಹುಳುವಿನವರ ಸನ್ನಿಧಿಗೆ,

ಚಳ್ಳಕೆರೆ, ಮೊಳಕಾಲ್ಮುರು ಎಂದರೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆ. ಶೇಂಗಾ ಬಿತ್ತಿದವರು ಮುಗಿಲು ನೋಡುತ್ತಾರೆ, ಟೊಮೆಟೊ, ಈರುಳ್ಳಿ ಇಟ್ಟವರು ಬೋರ್‌ವೆಲ್ ನೋಡುತ್ತಾರೆ, ಕುರಿಯವರು ಮೇವು ಹುಡುಕಿಕೊಂಡು ಊರು ಬಿಡುತ್ತಾರೆ. ಇಂಥಲ್ಲಿ ಬರಗಾಲದ ಪರಿಹಾರಕ್ಕೆ ಒಮ್ಮೆಯೂ ಅರ್ಜಿ ಹಾಕದೆ ಸಂಸಾರ ನಡೆಸಿದವರು ತಾವೊಬ್ಬರೇ. ಆದ್ದರಿಂದ ತಮ್ಮನ್ನು ಸನ್ಮಾನಿಸಲು ತೀರ್ಮಾನಿಸಿದ್ದೇವೆ. ಮೈಸೂರು ಪೇಟ ತಮ್ಮ ತಲೆಗೆ ನಿಲ್ಲದು, ಹಣ್ಣಿನ ಬುಟ್ಟಿಯನ್ನು ತಾವು ಆಗಲೇ ತೆಗೆದುಕೊಂಡಾಗಿದೆ. ಉಳಿದದ್ದು ಈ ಅಭಿನಂದನಾ ಪತ್ರವೊಂದೇ.

ತಮ್ಮ ಏಳಿಗೆಯಲ್ಲಿ ನಮ್ಮ ಪಾತ್ರವೂ ಇದೆ ಎಂಬುದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇವೆ. ಪ್ರತಿ ಸಲ ಔಷಧಿ ಹೊಡೆದಾಗಲೂ ತಮ್ಮಲ್ಲಿ ಬಡಕಲು ಜೀವಗಳು ಸಾಯುತ್ತವೆ, ವಿಷ ಅರಗಿಸಿಕೊಂಡವರು ಉಳಿಯುತ್ತಾರೆ. ಉಳಿದ ಒಂದು ಹೆಣ್ಣು ಪತಂಗ ಸಾವಿರದವರೆಗೂ ಮೊಟ್ಟೆ ಇಡಬಲ್ಲದು. ಕುರಿ ಸಾಕುವವರು ತಳಿಗೆಂದು ಗಟ್ಟಿ ಟಗರನ್ನು ಆರಿಸಿ ಬಿಡುವಂತೆ, ತಮ್ಮ ವಂಶದ ಗಟ್ಟಿಗರನ್ನು ನಾವೇ ಆರಿಸಿ ಬಿಡುತ್ತಿದ್ದೇವೆ, ಅದೂ ನಮ್ಮದೇ ಖರ್ಚಿನಲ್ಲಿ. ಇದು ಹೊಸ ಸಂಗತಿಯಲ್ಲ. 1987ರ ಸುಮಾರಿಗೆ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ತಾವು ಪೈರೆಥ್ರಾಯ್ಡ್ ಔಷಧಿಗಳಿಗೆ ಬಗ್ಗದೆ ನಿಂತಿರಿ. ಎಷ್ಟು ಹೊಡೆದರೂ ಹುಳ ಸಾಯಲಿಲ್ಲ, ರೈತರು ಸಾಲದಲ್ಲಿ ಮುಳುಗಿದರು. ಅದರಿಂದ ನಾವು ಕಲಿತ ಪಾಠವೆಂದರೆ, ಒಂದು ಔಷಧಿ ಸಾಲದಿದ್ದರೆ ಎರಡನ್ನು ಒಂದೇ ಪಂಪಿಗೆ ಕಲಸುವುದು.

ತಮ್ಮ ವೈರಿಗಳ ನಿರ್ನಾಮದ ಗುತ್ತಿಗೆಯನ್ನೂ ನಾವೇ ಹಿಡಿದಿದ್ದೇವೆ. ತಮ್ಮ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಟ್ರೈಕೊಗ್ರಾಮಾ ಕಣಜ, ಎಳೆ ಹುಳುಗಳನ್ನು ತಿನ್ನುವ ಜೇಡ, ಗುಲಗಂಜಿ ಹುಳುಗಳು ಯಾವ ಅಂಗಡಿಗೂ ಬಾಕಿ ಹೇಳದೆ ದುಡಿಯುವಂಥವು. ತಾವು ಕಾಯಿಯೊಳಗೆ ಕುಳಿತಿರುತ್ತೀರಿ, ಅವು ಎಲೆಯ ಮೇಲೆ ಓಡಾಡುತ್ತವೆ. ಹೀಗಾಗಿ ಔಷಧಿ ಮೊದಲು ತಾಗುವುದು ಅವಕ್ಕೇ. ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಕಂದು ಜಿಗಿಹುಳು ಹೀಗೆಯೇ ಉಬ್ಬಿ ನಿಂತಿತ್ತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿ, ಸಬ್ಸಿಡಿಯನ್ನು ಹಂತಹಂತವಾಗಿ ತೆಗೆದು, ರೈತರಿಗೆ ಗದ್ದೆಯಲ್ಲೇ ಪಾಠ ಹೇಳಿಸಿತು. ಔಷಧಿಯ ಬಳಕೆ ಇಳಿಯಿತು, ಭತ್ತದ ಇಳುವರಿ ಇಳಿಯಲಿಲ್ಲ. ಈ ಸುದ್ದಿ ನಮ್ಮ ಹೋಬಳಿಗಳಿಗೆ ತಲುಪದಂತೆ ನೋಡಿಕೊಂಡವರಿಗೂ ಒಂದು ಶಾಲು ಸಲ್ಲಬೇಕು.

ಇದರಲ್ಲಿ ರೈತನನ್ನು ದಡ್ಡನೆನ್ನುವುದು ಪೇಟೆಯವರಿಗೆ ಸುಲಭ. ಆದರೆ ಅವನ ಲೆಕ್ಕ ಸರಿಯಾಗಿಯೇ ಇದೆ. ಬೀಜ, ಗೊಬ್ಬರ, ಔಷಧಿ ಎಲ್ಲವೂ ಒಂದೇ ಅಂಗಡಿಯಲ್ಲಿ ಉದ್ರಿ ಸಿಗುತ್ತವೆ. ಎಲೆ ತೋರಿಸಿದರೆ ರೋಗ ಹೇಳುವವರೂ ಅಲ್ಲೇ, ಔಷಧಿ ಮಾರುವವರೂ ಅಲ್ಲೇ, ಬಾಕಿ ಬರೆದುಕೊಳ್ಳುವವರೂ ಅಲ್ಲೇ. ಮಾರಿದಷ್ಟೂ ಲಾಭ ಕಾಣುವ ಬಾಯಿಂದ ‘ಈ ವಾರ ಏನೂ ಹೊಡೆಯಬೇಡ’ ಎಂಬ ಸಲಹೆ ಬಂದೀತೆ? ಮಂಡಿಯಲ್ಲೋ ಚುಕ್ಕೆ ಕಂಡ ಬಾಕ್ಸಿಗೆ ಬೆಲೆಯಿಲ್ಲ. ಕೆರೆ ಕಟ್ಟಿಸುವಾಗ ದುಡಿದವರಿಗೆ ದುಡಿದಷ್ಟು ಕೂಲಿ ಸಿಗುವಂತೆ ಮಾಡಿದರೆಂದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಕಥೆ ಹೇಳುತ್ತದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಈ ಸೀಮೆಗೆಲ್ಲ ಬಾಯಿಪಾಠ. ಟೊಮೆಟೊ ಹೊಲದಲ್ಲಿ ಮಾತ್ರ ದುಡಿದವನಿಗೆ ಬಾಕಿ, ಕೊರೆದವರಿಗೆ ಕೂಳು.

ಔಷಧಿಯೆಲ್ಲ ಎಲ್ಲಿ ಹೋಗುತ್ತದೆಂದು ತಾವು ಕೇಳಬಹುದು. ಪಂಪು ತೊಳೆದ ನೀರು ಕೃಷಿ ಹೊಂಡದ ದಂಡೆಗೆ, ಖಾಲಿ ಬಾಟಲಿ ಹಳ್ಳಕ್ಕೆ, ಮುಖಕ್ಕೊಂದು ಟವೆಲ್ ಸುತ್ತಿಕೊಂಡು ಹೊಡೆಯುವ ಕೂಲಿಯವನ ಶ್ವಾಸಕ್ಕೆ. ಹೂವಿಗೆ ಬರುವ ಜೇನಿಗೂ ಪಾಲುಂಟು. ಬೆಳೆ ಮುಗಿದ ಹೊಲದಲ್ಲಿ ಕುರಿ ಮೇಯುವುದು ಇಲ್ಲಿನ ವಾಡಿಕೆ, ಆದ್ದರಿಂದ ಕುರಿಗೂ ಪಾಲುಂಟು. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂದು ಲೇಬಲ್ಲಿನಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಬರೆದಿರುತ್ತದೆ. ಸುಗ್ಗಿಯಲ್ಲಿ ಟೊಮೆಟೊವನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಬಿಡಿಸಬೇಕು. ಎಷ್ಟೋ ಔಷಧಿಗಳ ಅವಧಿ ಅದಕ್ಕಿಂತ ಉದ್ದ. ಹಣ್ಣು ಕಾಯುವುದಿಲ್ಲ, ಲೇಬಲ್ ಬದಲಾಗುವುದಿಲ್ಲ, ತಿನ್ನುವವರಿಗೆ ತಿಳಿಯುವುದಿಲ್ಲ. ತರಕಾರಿಗೆ ಮಾನೊಕ್ರೊಟೊಫಾಸ್ ಹೊಡೆಯಕೂಡದೆಂದು ಕೇಂದ್ರ ಸರ್ಕಾರ 2005ರಲ್ಲೇ ಆದೇಶಿಸಿ, ಬೇರೆ ಬೆಳೆಗಳಿಗೆಂದು ಮಾರಾಟಕ್ಕೆ ಬಿಟ್ಟಿತ್ತು. ಹತ್ತಿಗೆಂದು ಕಪಾಟಿನಲ್ಲಿ ಕುಳಿತ ಡಬ್ಬಿ, ಟೊಮೆಟೊ ಹೊಲ ಕಂಡೊಡನೆ ಮುಚ್ಚಳ ಬಿಗಿದುಕೊಳ್ಳುತ್ತದೆಂದು ನಂಬಿದ್ದರೇನೋ.

ಹಿತೈಷಿಗಳಾಗಿ ತಮಗೆ ಕೆಲವು ಅಪಾಯಗಳನ್ನೂ ತಿಳಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ ನೆಡಿ ಎನ್ನುತ್ತಾರೆ. ಹೂ ಕಂಡರೆ ತಮ್ಮ ಮನೆಯವರು ಅಲ್ಲೇ ಮೊಟ್ಟೆಯಿಡುತ್ತಾರೆ, ಸಂಸಾರವೆಲ್ಲ ಒಂದೇ ಕಡೆ ಸಿಕ್ಕಿಬೀಳುತ್ತದೆ. ಸಂಜೆ ಹೊತ್ತು ಎನ್‌ಪಿವಿ ಎಂಬ ವೈರಸ್ ದ್ರಾವಣ ಹೊಡೆದರೆ ತಾವು ಗಿಡದ ತುದಿಗೆ ತಲೆಕೆಳಗಾಗಿ ನೇತಾಡುತ್ತೀರಿ. ಜೇನಿಗೂ ಜೇಡಕ್ಕೂ ಏನೂ ಆಗದು. ಮೋಹಕ ಬಲೆಯಲ್ಲಿ ಎಷ್ಟು ಪತಂಗ ಬಿದ್ದವೆಂದು ಎಣಿಸಿದ ಮೇಲೆಯೇ ಪಂಪು ಎತ್ತುವ ಬುದ್ಧಿವಂತರಿದ್ದಾರೆ. ಈರುಳ್ಳಿಯಲ್ಲಿರುವ ತಮ್ಮ ಬಂಧು ಥ್ರಿಪ್ಸ್‌ನವರಿಗೂ ಹೇಳಿಬಿಡಿ: ಹೊಲದ ಸುತ್ತ ಮೆಕ್ಕೆಜೋಳದ ಸಾಲು ಎದ್ದರೆ ಒಳಗೆ ಬರುವುದು ಕಷ್ಟ.

ಆದರೆ ತಾವು ಎದೆಗುಂದಬೇಕಿಲ್ಲ, ತಮ್ಮ ಪರ ವಕೀಲರು ಬಹಳ ಮಂದಿ ಇದ್ದಾರೆ. ‘ಔಷಧಿ ಬಿಟ್ಟರೆ ಬೆಳೆಯೇ ಇಲ್ಲ, ಶ್ರೀಲಂಕಾ ನೋಡಿ’ ಎನ್ನುತ್ತಾರೆ. 2021ರಲ್ಲಿ ಆ ದೇಶ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ, ಔಷಧಿ ಎರಡನ್ನೂ ನಿಲ್ಲಿಸಿ ಕೈ ಸುಟ್ಟುಕೊಂಡದ್ದು ನಿಜ. ಅದರಿಂದ ಸಿದ್ಧವಾಗುವುದು ಆತುರದ ನಿಷೇಧ ಕೆಟ್ಟದ್ದು ಎಂಬುದಷ್ಟೇ. ಎಣಿಸದೆ ಹೊಡೆಯುವುದು ಒಳ್ಳೆಯದೆಂದಲ್ಲ. ‘ಸರ್ಕಾರ ಒಪ್ಪಿದ ಔಷಧಿಯೇ ಅಲ್ಲವೇ’ ಎನ್ನುವವರು ಕಾಸರಗೋಡಿನತ್ತ ತಿರುಗಬೇಕು. ಅಲ್ಲಿ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಅನ್ನು ಆಕಾಶದಿಂದ ಸುರಿಯುತ್ತಿದ್ದಾಗಲೂ ಅದು ಸರ್ಕಾರ ಒಪ್ಪಿದ ಔಷಧಿಯೇ. ಸುಪ್ರೀಂ ಕೋರ್ಟ್ ಆ ಔಷಧಿಯನ್ನೇ ತಡೆದದ್ದು 2011ರಲ್ಲಿ. ‘ಚೆಂಡುಹೂವಿಗೆ ಕೂಲಿ ಯಾರು ಕೊಡುತ್ತಾರೆ’ ಎಂಬ ಪ್ರಶ್ನೆಗೆ ದಸರಾ, ದೀಪಾವಳಿಯ ಹೂವಿನ ಪೇಟೆ ಒಂದಷ್ಟು ಉತ್ತರ ಕೊಡಬಲ್ಲದು. ತೂಕವಿರುವ ಆಕ್ಷೇಪ ಒಂದೇ: ಒಬ್ಬ ರೈತ ಬಲೆ ಕಟ್ಟಿದರೆ ಪಕ್ಕದ ಹೊಲದಿಂದ ತಾವು ಹಾರಿ ಬರುತ್ತೀರಿ. ಇದು ಸತ್ಯ. ಆದ್ದರಿಂದಲೇ ಈ ಕೆಲಸವನ್ನು ಒಬ್ಬ ರೈತನ ಒಳ್ಳೆಯತನಕ್ಕೆ ಬಿಡದೆ, ಊರಿಗೆ ಊರೇ ಒಟ್ಟಿಗೆ ಮಾಡಬೇಕು.

ತಮಗೆ ನಿಜವಾಗಿ ಭಯ ಹುಟ್ಟಿಸಬೇಕಾದದ್ದು ಯಾವ ಔಷಧಿಯೂ ಅಲ್ಲ. ಸಲಹೆ ಕೊಡುವವರು ಬೇರೆ, ಮಾರುವವರು ಬೇರೆ ಆಗುವ ದಿನಕ್ಕೆ ಹೆದರಿ. ರೈತ ಸಂಪರ್ಕ ಕೇಂದ್ರದಿಂದ ಒಬ್ಬರು ವಾರಕ್ಕೊಮ್ಮೆ ಹೊಲಕ್ಕೆ ಬಂದು ಹುಳ ಎಣಿಸಿ, ಹೊಡೆಯಬೇಕೋ ಬೇಡವೋ ಎಂದು ಬರೆದುಕೊಡುವ ದಿನಕ್ಕೆ, ಬಲೆ ಮತ್ತು ವೈರಸ್ ದ್ರಾವಣ ಕೂಡ ಔಷಧಿಯಷ್ಟೇ ಸಲೀಸಾಗಿ ಉದ್ರಿ ಸಿಗುವ ದಿನಕ್ಕೆ, ಚುಕ್ಕೆಯಿರುವ ಹಣ್ಣಿಗೂ ಮಂಡಿಯಲ್ಲಿ ನ್ಯಾಯದ ಬೆಲೆ ಕಟ್ಟುವ ದಿನಕ್ಕೆ ಹೆದರಿ. ಇವೆಲ್ಲ ಖರ್ಚಿನ ಕೆಲಸಗಳೇ. ಆದರೆ ತಮ್ಮನ್ನು ಸಾಕಲು ಈಗ ಆಗುತ್ತಿರುವ ಖರ್ಚು ಅದಕ್ಕಿಂತ ಕಡಿಮೆಯೆಂದು ಯಾರೂ ಲೆಕ್ಕ ಕೊಟ್ಟಿಲ್ಲ. ಅಲ್ಲಿಯವರೆಗೆ ನಿಶ್ಚಿಂತೆಯಿಂದಿರಿ; ತಮ್ಮ ಊಟದ ಬಿಲ್ಲು ನಮ್ಮ ಹೆಸರಿನಲ್ಲೇ ಏರುತ್ತಿದೆ.

ಇಂತಿ ತಮ್ಮ ಅನ್ನದಾತರ ಪರವಾಗಿ,
ಸನ್ಮಾನ ಸಮಿತಿ