ನಾಲ್ಕು ತಾಲ್ಲೂಕಿಗೆ ಒಂದು ಲಾಗ್‌ಫ್ರೇಮ್

ಸಮುದಾಯ ಆರೋಗ್ಯ ಸುಧಾರಣಾ ಯೋಜನೆ ರೂಪಿಸುವುದು ಹೇಗೆ ಎಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಒಂದೇ: ರೋಗದಿಂದ ಶುರು ಮಾಡಬೇಡಿ. ರೋಗದಿಂದ ಶುರು ಮಾಡಿದರೆ ಮಾತು ಔಷಧಿಗೆ ಬಂದು ನಿಲ್ಲುತ್ತದೆ, ಮೂರು ವರ್ಷದ ಅನುದಾನಕ್ಕೆ ಮೂರು ವಾರದ ಕೆಲಸವೂ ಉಳಿಯುವುದಿಲ್ಲ. ಶುರು ಮಾಡಬೇಕಾದದ್ದು ತಾಲ್ಲೂಕಿನಿಂದ.

ಮಂಡ್ಯ ಜಿಲ್ಲೆಗೆ ಏಳು ತಾಲ್ಲೂಕು. ನಾವು ಆಯ್ದುಕೊಂಡದ್ದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ. ಆಯ್ಕೆಯ ಮಾನದಂಡ ಪೂರ್ತಿ ವೈಜ್ಞಾನಿಕ. ಎ4 ಹಾಳೆಯನ್ನು ಅಡ್ಡ ಹಿಡಿದರೆ ನಾಲ್ಕು ಕಾಲಂ ಸಲೀಸಾಗಿ ಕೂರುತ್ತವೆ. ಐದನೆಯದಕ್ಕೆ ಅಕ್ಷರ ಚಿಕ್ಕದು ಮಾಡಬೇಕು, ಹಾಗೆ ಮಾಡಿದರೆ ಅನುದಾನ ಕೊಡುವವರ ಕಣ್ಣಿನ ಆರೋಗ್ಯದ ಪ್ರಶ್ನೆ ಬರುತ್ತದೆ. ಜೊತೆಗೆ, ಬೆಳಿಗ್ಗೆ ಮೈಸೂರಿನಲ್ಲಿ ಕಾಫಿ ಕುಡಿದು ಹೊರಟ ಜೀಪು ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ, ನಾಗಮಂಗಲ ಸುತ್ತಿ ಕೆ.ಆರ್. ಪೇಟೆ ಮೇಲೆ ಇಳಿದು ಕತ್ತಲಾಗುವುದರೊಳಗೆ ವಾಪಸ್ ಬರಬಹುದು. ಮೇಲುಕೋಟೆಯಲ್ಲಿ ಪುಳಿಯೋಗರೆ ಇದೆ. ವರದಿಯಲ್ಲಿ ಅದನ್ನು ‘ಸ್ಥಳೀಯ ಆಹಾರ ಪದ್ಧತಿಯ ಅವಲೋಕನ’ ಎಂದು ನಮೂದಿಸತಕ್ಕದ್ದು.

ಮದ್ದೂರು, ಮಳವಳ್ಳಿಯವರು ಕಾಯಿಲೆ ಬೀಳುವುದಿಲ್ಲವೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಬೀಳುತ್ತಾರೆ, ಎರಡನೆಯ ಹಂತದಲ್ಲಿ.

ನಾಲ್ಕು ತಾಲ್ಲೂಕೂ ಒಂದೇ ಥರ ಇಲ್ಲ ಎಂಬುದು ಹೊಸಬರನ್ನು ಕಂಗೆಡಿಸುವ ಸಂಗತಿ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ನಾಲೆ, ಗದ್ದೆ, ಕಬ್ಬು. ನಾಗಮಂಗಲದಲ್ಲಿ ರಾಗಿ, ಕೊಳವೆಬಾವಿ, ಮುಗಿಲು ನೋಡುವ ಕೆಲಸ. ಒಂದು ಕಡೆ ನೀರಿದ್ದುದರಿಂದ ಬರುವ ಕಾಯಿಲೆ, ಇನ್ನೊಂದು ಕಡೆ ನೀರಿಲ್ಲದ್ದರಿಂದ ಬರುವ ಕಾಯಿಲೆ. ತಜ್ಞನಾದವನು ಎರಡನ್ನೂ ಕೂಡಿ ಸರಾಸರಿ ತೆಗೆಯಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಮೆಡಿಕಲ್ ಕಾಲೇಜೇ ಇದೆ. ಸರಾಸರಿ ತೆಗೆದಾಗ ನಮ್ಮ ಪ್ರತಿ ತಾಲ್ಲೂಕಿಗೂ ಕಾಲು ಮೆಡಿಕಲ್ ಕಾಲೇಜು ಬಂತು. ಕೆ.ಆರ್. ಪೇಟೆಯವರಿಗೆ ಇದು ಗೊತ್ತೇ ಇರಲಿಲ್ಲ.

ಯಾವುದೇ ಯೋಜನೆಗೆ ‘ಹಿನ್ನೆಲೆ’ ಎಂಬ ಅಧ್ಯಾಯ ಬೇಕು. ಈ ಸೀಮೆಗೆ ಅದರ ಕೊರತೆಯಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕೋಟೆಯಲ್ಲಿ ಕೂತ ಇಂಗ್ಲಿಷರ ಪಡೆಗೆ ಜ್ವರ ಹಿಡಿಯಿತು. ವರ್ಷಗಟ್ಟಲೆ ನಡುಗಿ, ಕೊನೆಗೆ 1809ರಲ್ಲಿ ಪಡೆಯನ್ನೇ ಎತ್ತಿ ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಹುಟ್ಟಿದ್ದು ಹಾಗೆ. ಜ್ವರವನ್ನು ಮಾತ್ರ ಊರಿನವರಿಗೇ ಬಿಟ್ಟು ಹೋದರು. ಗುರಿ ಗುಂಪಿನಲ್ಲಿ ಇಷ್ಟು ಸ್ಪಷ್ಟ ಸುಧಾರಣೆ ಕಂಡ ಆರೋಗ್ಯ ಯೋಜನೆ ಈ ತಾಲ್ಲೂಕಿನಲ್ಲಿ ಆಮೇಲೆ ಬಂದಿಲ್ಲ. ‘ನಿರ್ಗಮನ ತಂತ್ರ’ ಎಂಬ ಪಾಠಕ್ಕೆ ನಾನು ಇಂದಿಗೂ ಇದನ್ನೇ ಉದಾಹರಣೆ ಕೊಡುತ್ತೇನೆ.

ಆಮೇಲಿನದು ಕನ್ನಂಬಾಡಿಯ ಕಾಲ. ಕಟ್ಟೆ ಎದ್ದಿತು, ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಬಂತು, ಭತ್ತ ಕಬ್ಬಿನ ಜೊತೆ ಮಲೇರಿಯಾವೂ ಪೈರಿಗೆ ಬಂತು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರನ್ನು ಜೊತೆಗೆ ಸೇರಿಸಿಕೊಂಡಿತು. 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾಯಿತು. ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ನಾಗನಹಳ್ಳಿಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ಕೂತಿತು. ಅಲ್ಲಿನವರು ಮಾಡಿದ್ದೇನು? ಮಕ್ಕಳ ಹೊಟ್ಟೆ ಮುಟ್ಟಿ ಜ್ವರಗಡ್ಡೆ ಎಷ್ಟು ಊದಿದೆ ಎಂದು ನೋಡಿದರು, ಸೊಳ್ಳೆ ಹಿಡಿದರು, ಮರಿಹುಳು ಎಲ್ಲೆಲ್ಲಿ ಬೆಳೆಯುತ್ತದೆಂದು ನೀರು ಮೊಗೆದು ನೋಡಿದರು. ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಸೊಳ್ಳೆಯ ಮೊಟ್ಟೆಯ ಮೇಲಿನ ಗೀರುಗಳನ್ನು ಎಣಿಸಿ, ಒಂದೇ ಜಾತಿಯ ಸೊಳ್ಳೆಯಲ್ಲಿ ಎರಡು ಬಗೆ ಇದೆ ಎಂದು 1937ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದಕ್ಕೆ ‘ಮೈಸೂರೆನ್ಸಿಸ್’ ಎಂದು ಹೆಸರು. ನಮ್ಮ ಸೀಮೆಗೆ ಪ್ರಪಂಚದ ಸೊಳ್ಳೆಶಾಸ್ತ್ರದಲ್ಲಿ ದಕ್ಕಿದ ಶಾಶ್ವತ ಗೌರವ ಅದು.

ಯೋಜನಾ ಶಾಸ್ತ್ರದ ದೃಷ್ಟಿಯಿಂದ ಆ ಕೆಲಸವೆಲ್ಲ ಬಹಳ ದುರ್ಬಲ. ಇಡೀ ಹೊತ್ತು ಒಂದೇ ಸೊಳ್ಳೆಯ ಹಿಂದೆ ಬೀಳುವುದು ಸಮಗ್ರ ದೃಷ್ಟಿಕೋನ ಅಲ್ಲ. ಪಾಲುದಾರರ ಸಮಾಲೋಚನಾ ಸಭೆ ಇಲ್ಲ. ಘೋಷವಾಕ್ಯ ಇಲ್ಲ. ದೀಪ ಬೆಳಗಿಸುವ ಫೋಟೊ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮೊಟ್ಟೆಯ ಗೀರು ಎಣಿಸುವವರಿಗೆ ಇವತ್ತಿನ ದಿನ ಯಾರೂ ಮಧ್ಯಾಹ್ನದ ಊಟ ಹಾಕಿಸುವುದಿಲ್ಲ.

1978ರಲ್ಲಿ ಆಲ್ಮಾ ಆಟಾದಲ್ಲಿ ಸೇರಿದ ಜಗತ್ತಿನ ತಜ್ಞರೂ ಒಂದು ಎಡವಟ್ಟು ಮಾಡಿದರು. ‘ಎಲ್ಲರಿಗೂ ಆರೋಗ್ಯ’ ಎಂದು ಬರೆದು ಬಿಡಬಹುದಿತ್ತು; 2000ದ ಹೊತ್ತಿಗೆ ಎಂದು ಇಸವಿ ಸೇರಿಸಿದರು. ನಮ್ಮ ಯೋಜನೆಯಲ್ಲಿ ಎಲ್ಲ ಗುರಿಗಳೂ ‘ಮುಂಬರುವ ದಿನಗಳಲ್ಲಿ’ ಈಡೇರುತ್ತವೆ.

ಈಗ ಲಾಗ್‌ಫ್ರೇಮ್. ಇದು 1969ರಲ್ಲಿ ಅಮೆರಿಕದ ನೆರವು ಸಂಸ್ಥೆಗಾಗಿ ಹುಟ್ಟಿದ ಕೋಷ್ಟಕ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಮನೆ. ಮೊದಲ ಕಾಲಮ್ಮಿನಲ್ಲಿ ಏನು ಮಾಡುತ್ತೇವೆ, ಎರಡನೆಯದರಲ್ಲಿ ಆಯಿತೋ ಇಲ್ಲವೋ ಎಂಬುದರ ಸೂಚಕ, ಮೂರನೆಯದರಲ್ಲಿ ಅದಕ್ಕೆ ಪುರಾವೆ. ನಾಲ್ಕನೆಯದು ‘ಊಹೆಗಳು’. ನಮ್ಮ ಕೈಯಲ್ಲಿಲ್ಲದ, ಆದರೆ ತನ್ನಷ್ಟಕ್ಕೆ ಸರಿ ಇದೆ ಎಂದು ಇಟ್ಟುಕೊಳ್ಳುವ ಸಂಗತಿಗಳು ಈ ಕಾಲಮ್ಮಿಗೆ ಬರುತ್ತವೆ. ಅನುಭವಿಯಾದವನ ಕೈಚಳಕ ಕಾಣುವುದು ಇಲ್ಲೇ. ನಮ್ಮ ನಾಲ್ಕನೆಯ ಕಾಲಮ್ಮಿನಲ್ಲಿ ಹೀಗಿದೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಇರುತ್ತಾರೆ. ರಾತ್ರಿಯೂ ಇರುತ್ತಾರೆ. ಮಾತ್ರೆ ಸ್ಟಾಕಿರುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ, ಬಂದದ್ದು ಕುಡಿಯುವಂತಿರುತ್ತದೆ. ಆಶಾ ಕಾರ್ಯಕರ್ತೆಯರ ಗೌರವಧನ ತಿಂಗಳು ತಿಂಗಳು ಆಗುತ್ತದೆ. ಇಷ್ಟೂ ಇದ್ದರೆ ನಮ್ಮ ಯೋಜನೆ ಖಂಡಿತ ಯಶಸ್ವಿಯಾಗುತ್ತದೆ ಎಂದು ಕೆಳಗೆ ಸಹಿ ಮಾಡಿದ್ದೇವೆ.

ಯೋಜನೆಯನ್ನು ಮೇಲಿನಿಂದ ಹೇರಬಾರದು, ಜನರಿಂದಲೇ ಬರಬೇಕು. ಅದಕ್ಕಾಗಿ ನಾಗಮಂಗಲ ಕಡೆಯ ಒಂದು ಊರಿಗೆ ಹೋದೆವು. ವರದಿಯಲ್ಲಿ ಅದರ ಹೆಸರು ‘ಗ್ರಾಮ-7’. ಮಾರಮ್ಮನ ಗುಡಿ ಮುಂದಿನ ಬಯಲಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿಸಿ, ಕಾರ್ಡುಗಳನ್ನು ಸಾಲಾಗಿ ಇಟ್ಟೆವು: ಸಕ್ಕರೆ ಕಾಯಿಲೆ, ಬಿ.ಪಿ., ರಕ್ತಹೀನತೆ, ಡೆಂಗಿ, ಕೈ ತೊಳೆಯದಿರುವಿಕೆ. ಒಬ್ಬೊಬ್ಬರಿಗೂ ಒಂದು ಹಿಡಿ ಹುಣಸೆ ಬೀಜ. ಯಾವುದು ಹೆಚ್ಚು ತೊಂದರೆಯೋ ಅದರ ಮೇಲೆ ಹೆಚ್ಚು ಬೀಜ ಇಡಬೇಕು. ಒಬ್ಬ ಅಜ್ಜಿ ಎಲ್ಲ ಕಾರ್ಡನ್ನೂ ಓದಿಸಿಕೊಂಡು, ಸೆರಗು ಸರಿಮಾಡಿಕೊಂಡು, ಅಷ್ಟೂ ಬೀಜವನ್ನು ಕಾರ್ಡಿನ ಸಾಲಿನಾಚೆ ಬರಿ ಮಣ್ಣಿನ ಮೇಲೆ ಸುರಿದಳು.

“ಅವ್ವಾ, ಕಾರ್ಡ್ ಮೇಲೆ ಇಡಿ.”

“ನಂದು ಇದ್ರಲ್ಲಿ ಇಲ್ಲ ಕಣಪ್ಪ. ಸಂಜೆ ಬಸ್ಸು ನಿಂತೋಯ್ತು. ಬಿ.ಪಿ. ಮಾತ್ರೆ ಆಸ್ಪತ್ರೇಲಿ ಬಿಟ್ಟಿ ಕೊಡ್ತರೆ, ಸರಿ. ವಾಪಸ್ ಬರಕ್ಕೆ ಆಟೋದವ್ನಿಗೆ ಯಾರಪ್ಪ ಕೊಡ್ತನೆ?”

ಪಕ್ಕದಲ್ಲಿದ್ದ ಹೆಂಗಸರು ತಮ್ಮ ಕಾರ್ಡಿನ ಮೇಲಿನ ಬೀಜ ಬಾಚಿಕೊಂಡು ಅಜ್ಜಿಯ ರಾಶಿಗೆ ಹಾಕಿದರು. ಒಬ್ಬ ಹುಡುಗ ಓಡಿಹೋಗಿ ಮನೆಯಿಂದ ಇನ್ನಷ್ಟು ಬೀಜ ತಂದ. ನಮ್ಮ ಕ್ಷೇತ್ರ ಸಂಯೋಜಕರು ಗಾಬರಿಯಾಗದೆ ಒಂದು ಖಾಲಿ ಕಾರ್ಡು ತೆಗೆದು ‘ಇತರೆ’ ಎಂದು ಬರೆದು ರಾಶಿಯ ಮೇಲೆ ಇಟ್ಟರು. ತರಬೇತಿ ಎಂದರೆ ಅದು. ವಿಶ್ಲೇಷಣೆಯಲ್ಲಿ, ಗ್ರಾಮ-7ರ ಬಹುಪಾಲು ಮಹಿಳೆಯರು ‘ಇತರೆ’ಯಿಂದ ನರಳುತ್ತಿದ್ದಾರೆ ಎಂದು ಕಂಡುಬಂತು. ‘ಇತರೆ’ಯ ಬಗ್ಗೆ ಮೂರು ಹಂತದ ಜಾಗೃತಿ ಕಾರ್ಯಕ್ರಮವನ್ನು ಶಿಫಾರಸು ಮಾಡಿದ್ದೇವೆ. ಬಸ್ಸು ನಾಲ್ಕನೆಯ ಕಾಲಮ್ಮಿಗೆ ಹೋಯಿತು.

ಪಾಂಡವಪುರದಲ್ಲಿ ಸಮಸ್ಯೆ ಬೇರೆ. ಅಲ್ಲಿ ಜನ ಮಾತೆತ್ತಿದರೆ ನಾಲೆಯ ಏರಿಯ ರಸ್ತೆಗೆ ತಡೆಗೋಡೆ ಇಲ್ಲ ಎನ್ನುತ್ತಾರೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ನಟ ಅಂಬರೀಶ್ ತೀರಿಕೊಂಡದ್ದರಿಂದ ಮಂಡ್ಯದ ಕಡೆ ಯಾರೂ ಆ ತಾರೀಖು ಮರೆತಿಲ್ಲ. 2023ರಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರು ನಾಲೆಗೆ ಉರುಳಿ ಐದು ಜನ ಹೋದರು. ಸಾವಿನ ಲೆಕ್ಕದಲ್ಲಿ ಇದು ನಮ್ಮ ಕೋಷ್ಟಕದ ಎಷ್ಟೋ ಕಾಯಿಲೆಗಿಂತ ಮೇಲಿದೆ ಎಂದು ಒಬ್ಬ ಕಿರಿಯ ಸಹೋದ್ಯೋಗಿ ವಾದಿಸಿದರು. ಅವರಿಗೆ ತಿಳಿಹೇಳಬೇಕಾಯಿತು: ನೀರಿನಿಂದ ಹರಡುವ ರೋಗ ಆರೋಗ್ಯ ಇಲಾಖೆಯದು, ನೀರಿಗೆ ಬಿದ್ದು ಸಾಯುವುದು ನೀರಾವರಿಯವರದು, ನೀರಿನವರೆಗೆ ಹೋಗುವ ರಸ್ತೆ ಲೋಕೋಪಯೋಗಿಯವರದೋ ಪಂಚಾಯಿತಿಯವರದೋ ಎಂಬುದು ಸ್ಥಳದ ಮೇಲೆ ಹೋಗುತ್ತದೆ. ‘ನಾಲೆ ಏರಿಗಳು ಸುರಕ್ಷಿತವಾಗಿರುತ್ತವೆ’ ಎಂದು ಊಹೆಗಳಲ್ಲಿ ಸೇರಿಸಿದೆವು. ಕಾಲಂ ಈಗ ಎರಡನೆಯ ಪುಟಕ್ಕೆ ಹರಿದಿದೆ.

ಖಾಸಗಿ ಸೇವಾದಾರರ ಪಟ್ಟಿ ಮಾಡುವುದು ಮುಂದಿನ ಹೆಜ್ಜೆ. ಕ್ಲಿನಿಕ್ಕು, ಲ್ಯಾಬು, ಔಷಧಿ ಅಂಗಡಿ ಎಲ್ಲಕ್ಕೂ ನಕ್ಷೆಯಲ್ಲಿ ಒಂದೊಂದು ಚಿಹ್ನೆ ಇದೆ. ಆಲೆಮನೆಗೆ ಮಾತ್ರ ಇರಲಿಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಹೆಣ್ಣುಭ್ರೂಣ ಹತ್ಯೆ ಜಾಲದವರು ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಭ್ರೂಣದ ಲಿಂಗ ಪತ್ತೆ ನಿಷೇಧಿಸುವ ಕಾನೂನು 1994ರದು. ತಜ್ಞನಾಗಿ ನನ್ನನ್ನು ಕಾಡಿದ್ದು ಬೇರೆ. ನಾವು ಇಷ್ಟೆಲ್ಲ ಫ್ಲೆಕ್ಸು ಕಟ್ಟಿ, ಧ್ವನಿವರ್ಧಕ ಕೂಗಿಸಿ, ಬೀದಿನಾಟಕ ಆಡಿಸಿ ಜನರನ್ನು ಉಪಕೇಂದ್ರದವರೆಗೆ ಕರೆತರಲು ಹೆಣಗುತ್ತೇವೆ. ಅವರು ಬೋರ್ಡೂ ಇಲ್ಲದೆ ಬೆಲ್ಲ ಬೇಯುವ ಜಾಗಕ್ಕೆ ಗಿರಾಕಿ ಕರೆಸಿಕೊಂಡರು. ಊರಿಗೆ ಊರೇ ಸುಮ್ಮನಿದ್ದು ಕೊಟ್ಟ ಈ ಮಟ್ಟದ ಸಹಕಾರ ನಮಗೆ ಸಿಕ್ಕಿದ್ದರೆ ಏನೇನೋ ಸಾಧಿಸಬಹುದಿತ್ತು. ಇದನ್ನೂ ಯೋಜನೆಯಲ್ಲಿ ಚರ್ಚಿಸಬೇಕೆಂಬ ಸಲಹೆ ಬಂತು. ಆದರೆ ಆ ಆಲೆಮನೆ ಮಂಡ್ಯ ತಾಲ್ಲೂಕಿನದು. ನಮ್ಮ ಕಾಲಂ ನಾಲ್ಕೇ.

ಮಾನವ ಸಂಪನ್ಮೂಲದ ವಿಷಯ ಸರಳ. ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಸರ್ಕಾರದ ಲೆಕ್ಕ. ಸಮೀಕ್ಷೆ ಯಾರು ಮಾಡುತ್ತಾರೆ? ಆಶಾ. ತಾಯಂದಿರನ್ನು ಸಭೆಗೆ ಯಾರು ಕರೆತರುತ್ತಾರೆ, ಲಾರ್ವಾ ಹುಡುಕಲು ತೊಟ್ಟಿ ಯಾರು ಬಗ್ಗಿ ನೋಡುತ್ತಾರೆ, ಬಂದ ಅತಿಥಿಗೆ ಹಾರ ಯಾರು ತರುತ್ತಾರೆ? ಆಕೆಯೇ. ಆಕೆಯ ಕೈಯಲ್ಲಿ ಆಗಲೇ ಇಲಾಖೆಯ ಪುಸ್ತಕಗಳು, ಮೊಬೈಲ್ ಆಪ್ ಇವೆ. ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ಏರದಿದ್ದರೆ ಪ್ರೋತ್ಸಾಹಧನ ಬರುವುದಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ತಿಂಗಳಿಗೆ 15,000 ರೂಪಾಯಿ ಕೊಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತದ್ದನ್ನು ನಾವು ಬಲ್ಲೆವು. ಹಾಗಾಗಿ ನಮ್ಮ ಬಜೆಟ್ಟಿನಲ್ಲಿ ಆಕೆಯನ್ನು ಮರೆತಿಲ್ಲ. ‘ಸಾಮರ್ಥ್ಯ ವರ್ಧನೆ’ ಎಂಬ ಶೀರ್ಷಿಕೆಯಡಿ ಒಂದು ಚೀಲ, ಒಂದು ಪೆನ್ನು, ಸಂಸ್ಥೆಯ ಚಿಹ್ನೆ ಇರುವ ಟೋಪಿ.

ಊರಿನ ಮಟ್ಟದಲ್ಲಿ ಹಣವೂ ಇದೆ ಎಂಬುದನ್ನು ಮರೆಯಬಾರದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದೊಂದಿದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಎಂದು ನಿಗದಿ. ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದರಿಂದ ಹಿಡಿದು ಬಡ ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸುವವರೆಗೆ ಊರು ತಾನೇ ತೀರ್ಮಾನಿಸಿ ಖರ್ಚು ಮಾಡಬಹುದು. ಇಷ್ಟು ಸಣ್ಣ ಮೊತ್ತವನ್ನು ಇಷ್ಟು ದೊಡ್ಡ ಸಮಿತಿ ಹೇಗೆ ನಿಭಾಯಿಸಬೇಕು ಎಂದು ಕಲಿಸಲು ಮೈಸೂರಿನ ಹೋಟೆಲೊಂದರಲ್ಲಿ ಎರಡು ದಿನದ ಕಾರ್ಯಾಗಾರ ಇಟ್ಟಿದ್ದೇವೆ. ಅದರ ಖರ್ಚು ಇಲ್ಲಿ ಅಪ್ರಸ್ತುತ.

ಫಲಿತಾಂಶ ಅಳೆಯುವಾಗ ಕಾಯಿಲೆಯನ್ನು ಅಳೆಯಲು ಹೋಗಬೇಡಿ, ಅದು ಮಾತು ಕೇಳುವುದಿಲ್ಲ. ತಿಳಿವಳಿಕೆಯನ್ನು ಅಳೆಯಿರಿ. ಯೋಜನೆಗೆ ಮುಂಚೆ ಕೈ ತೊಳೆಯುವ ಹಂತಗಳನ್ನು ಕ್ರಮವಾಗಿ ಹೇಳುವವರು ನಮ್ಮ ಹಳ್ಳಿಗಳಲ್ಲಿ ವಿರಳ. ಯೋಜನೆಯ ಕೊನೆಗೆ ಶಾಲೆಯ ಮಕ್ಕಳು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ. ಶಾಲೆಯ ನಲ್ಲಿಯಲ್ಲಿ ನೀರು ಬರುವುದು ನಾಲ್ಕನೆಯ ಕಾಲಮ್ಮಿನ ವಿಷಯ.

ಕೊನೆಯದು ಹಸ್ತಾಂತರ. ಯೋಜನೆ ಮುಗಿದ ಮೇಲೂ ಅದರ ಲಾಭ ಮುಂದುವರಿಯುತ್ತದೆ ಎಂದು ತೋರಿಸದಿದ್ದರೆ ಕೊನೆಯ ಕಂತು ಬಿಡುಗಡೆಯಾಗುವುದಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಪಂಚಾಯಿತಿ ಕಚೇರಿಯಲ್ಲಿ ಶಾಲು, ಮೈಸೂರು ಪೇಟ, ಭಾಷಣಗಳೊಂದಿಗೆ ಬಿ.ಪಿ. ಯಂತ್ರ, ತೂಕದ ಯಂತ್ರ ಮತ್ತು ಉಳಿದ ಕರಪತ್ರಗಳನ್ನು ಸಮುದಾಯಕ್ಕೆ ಒಪ್ಪಿಸಿದೆವು. ಸಮುದಾಯದ ಪರವಾಗಿ ಸಹಿ ಮಾಡಿದವರು ಆ ಊರಿನ ಆಶಾ. ಬಿ.ಪಿ. ಯಂತ್ರದ ಮುಚ್ಚಳ ತೆಗೆದು ನೋಡಿ, ಸೆಲ್ ಇಲ್ಲ ಎಂದರು. ಅದು ಸ್ಥಳೀಯ ಸಂಪನ್ಮೂಲ ಕ್ರೋಡೀಕರಣದ ಅಡಿ ಬರುತ್ತದೆ ಎಂದು ವಿವರಿಸಿದೆವು.

“ಸರಿ ಸಾ. ಇದ್ನ ಯಾವ ರಿಜಿಸ್ಟರ್‌ಗೆ ಏರಿಸ್ಲಿ?”

ಹೊಸದೇ ಬೇಕೆಂದು ತೀರ್ಮಾನವಾಯಿತು. ಬಜೆಟ್ಟಿನಲ್ಲಿ ರಿಜಿಸ್ಟರಿನ ಬಾಬ್ತು ಮುಗಿದಿದ್ದರಿಂದ ಆಕೆಯೇ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ತಂದರು. ರಸೀದಿಯನ್ನು ಸಂಸ್ಥೆಯ ಹೆಸರಿಗೆ ಬರೆಸಿಕೊಂಡು ಬರಲು ಮೊದಲೇ ಹೇಳಿ ಕಳಿಸಿದ್ದೆವು.